ಕ್ಯಾಂಪಿನ ಹರವಿ

ಕಾಲುವೆಗೆ ನೀರು ಬಿಟ್ಟ ವರ್ಷ ಊರಿಗೆ ಎರಡು ಬಂದವು. ಒಂದು ಕೃಷ್ಣೆಯ ನೀರು. ಇನ್ನೊಂದು, ಆ ನೀರಿನ ಜಾಡು ಹಿಡಿದು ಆಂಧ್ರದ ಕರಾವಳಿಯಿಂದ ಲಾರಿ ಮಾಡಿಕೊಂಡು ಬಂದ ಮಂದಿ. ಊರಿನ ಹೆಸರು ಹೇಳುವುದಿಲ್ಲ. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಇದೆ ಅಂದುಕೊಳ್ಳಿ. ಹೆಸರು ಹೇಳಿದರೆ ಮಹಾದೇವಪ್ಪ ಗೌಡರಿಗೆ ಬೇಸರವಾಗುತ್ತದೆ. ಗೌಡರಿಗೆ ಬೇಸರವಾದರೆ ಅದನ್ನು ಕೇರಿಯವರ ಬೆನ್ನಿನ ಮೇಲೆ ತೀರಿಸಿಕೊಳ್ಳುತ್ತಾರೆ.

ಬಂದವರು ಎರೆಹೊಲ ಕೊಂಡರು, ಕೆಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದರು, ಏರುತಗ್ಗು ಸಪಾಟು ಮಾಡಿ ಭತ್ತದ ಗದ್ದೆ ಮಾಡಿದರು, ಗದ್ದೆಯ ನಡುವೆ ತಗಡಿನ ಮನೆ ಎಬ್ಬಿಸಿದರು. ಊರವರು ಅದಕ್ಕೆ ಕ್ಯಾಂಪು ಅಂದರು. ಹೊಲ ಮಾರಿದವರು ಯಾರು? ಗೌಡರು. ಬಂದವರನ್ನು ಮೂರು ಹೊತ್ತೂ ಬೈಯುತ್ತಿದ್ದವರು ಯಾರು? ಅವರೇ. ಶಹಾಪುರಕ್ಕೆ ಹೋಗಿ ಸಹಿ ಮಾಡಿ ಬಂದ ಸಂಜೆಯೇ ಮಹಾದೇವಪ್ಪ ಗೌಡರು ಕಟ್ಟೆಯ ಮೇಲೆ ಕೂತು ನಾಡಿನ ಬಗ್ಗೆ ಮರುಗಿದರು.

"ನೆಲ ಹೋತು ನೋಡ್ರಿ. ಪರದೇಶಿ ಮಂದಿ. ಮೂರು ಹೊತ್ತೂ ಅನ್ನ ತಿಂತಾರ, ಬಾಯಿ ತೆಗದ್ರ ಒದರ್ತಾರ. ಅವರಿಗಿ ನೀತಿಲ್ಲ, ರೀತಿಲ್ಲ."

ಅನ್ನ ತಿನ್ನುವುದು ದೊಡ್ಡ ತಪ್ಪು ಎಂದು ಕೇರಿಯವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವರಿಗೆ ಅನ್ನ ಸಿಗುತ್ತಿದ್ದುದು ಗೌಡರ ಮನೆಯ ಮದುವೆಯ ಮಾರನೆಯ ದಿನ ಮಾತ್ರ.

ಕ್ಯಾಂಪಿನವರೇನು ಕಡಿಮೆಯಿರಲಿಲ್ಲ. ಕ್ಯಾಂಪಿನ ಒಡೆಯ ವೆಂಕಟರತ್ನಂ ತನ್ನ ನೆಂಟರಿಗೆಲ್ಲ ಹೇಳಿ ಕಳಿಸುತ್ತಿದ್ದ: ಇಲ್ಲಿಯ ಬಿಸಿಲು ಬಂಗಾರ, ಎರಡು ಬೆಳೆ ಬರುತ್ತದೆ, ಬನ್ನಿ. ಆದರೆ ಜನ ಮಾತ್ರ ಕೆಲಸಕ್ಕೆ ಬಾರದವರು, ಬಿಸಿಲು ನೆತ್ತಿಗೇರಿದವರು, ಕಾಲ ಕೆಳಗೆ ನೀರು ಹರಿದರೂ ಕೈಕಟ್ಟಿ ಕೂರುವವರು, ಮಾತಾಡಿದರೆ ಜಗಳವಾಡಿದ ಹಾಗಿರುತ್ತದೆ. ಅವನಿಗೆ ಬಿಸಿಲು ಬೇಕಾಗಿತ್ತು, ಬಿಸಿಲಲ್ಲಿ ಹುಟ್ಟಿದವರು ಬೇಡವಾಗಿದ್ದರು.

ಹೀಗೆ ಎರಡೂ ಕಡೆಯವರು ಒಬ್ಬರನ್ನೊಬ್ಬರು ಬೈದುಕೊಂಡು ಸುಖವಾಗಿದ್ದರು. ಕೇರಿಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಅಭಿಪ್ರಾಯ ಇಟ್ಟುಕೊಳ್ಳಲು ಕೇರಿಗೆ ಪುರುಸೊತ್ತೂ ಇರಲಿಲ್ಲ. ಅದು ವೆಂಕಟರತ್ನಂನ ಕೆಸರಿನಲ್ಲಿ ಸೊಂಟ ಬಗ್ಗಿಸಿ ನಿಂತಿತ್ತು.

ಹಾಗೆ ನಿಂತವರಲ್ಲಿ ಮುಂದಿನವಳು ಬಾಲಮ್ಮ. ನಲವತ್ತು ದಾಟಿದವಳು, ಗಂಡ ಸತ್ತವಳು. ನಾಟಿಯ ಗುಂಪು ಕಟ್ಟಿಕೊಂಡು ಬರುವ ಜವಾಬ್ದಾರಿ ಅವಳದು. ಅವಳ ಬೆನ್ನಿಗೆ ನೆಗೆಣ್ಣಿ ಮಲಕಮ್ಮ, ಮಲಕಮ್ಮನ ಬೆನ್ನಿಗೆ ಕೇರಿಯ ಉಳಿದ ಹೆಂಗಸರು. ಎಲ್ಲರೂ ಜೋಳ ಕೊಯ್ದವರು, ತೊಗರಿ ಕಿತ್ತವರು. ಒಣ ನೆಲದಲ್ಲಿ ಮುಂದಕ್ಕೆ ನಡೆದು ರೂಢಿಯಾದ ಕಾಲು ಗದ್ದೆಯಲ್ಲಿ ಹಿಂದಕ್ಕೆ ನಡೆಯಬೇಕು. ಮೊದಲ ದಿನ ಬಾಲಮ್ಮ ಸಸಿ ಊರುತ್ತ ಹಿಂದೆ ಸರಿದು ಕೆಸರಿನಲ್ಲಿ ಕುಕ್ಕರಿಸಿ ಕೂತಳು. ಬದುವಿನ ಮೇಲೆ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಎದ್ದು ಮತ್ತೆ ಬಗ್ಗಿದಳು. ಬಗ್ಗಿದರೆ ಸೊಂಟ ನೆಟ್ಟಗಾಗುವುದು ಸಂಜೆಗೇ. ಬೆರಳ ಸಂದಿ ಕೆಸರು ತಿಂದು ಬೆಳ್ಳಗೆ ಬಿರಿಯಿತು. ಹೆಬ್ಬೆರಳ ಉಗುರು ಕಪ್ಪಿಟ್ಟು ಬಿದ್ದುಹೋಯಿತು. ಸುತ್ತ ನೀರು, ನೀರಿನಿಂದ ಎದ್ದು ಮುಖಕ್ಕೆ ಬಡಿಯುವ ಝಳ, ಬಾಯಿ ಮಾತ್ರ ಒಣಗಿ ಕಟ್ಟಿಗೆ. ಕಾಲು ನೆನೆದ ಆ ನೀರನ್ನು ಕುಡಿಯುವಂತಿಲ್ಲ, ಅದಕ್ಕೆ ಹುಳ ಸಾಯುವ ಎಣ್ಣೆ ಹೊಡೆದಿರುತ್ತಿದ್ದರು.

ಆ ಮೊದಲ ದಿನದ ಮಧ್ಯಾಹ್ನದ ಮಾತು ಹೇಳಲೇಬೇಕು. ಹೆಂಗಸರು ಗದ್ದೆಯಿಂದ ಮೇಲೆ ಬಂದು ತಗಡಿನ ಮನೆಯ ಮುಂದೆ, ನೆರಳು ಬಿಟ್ಟು ದೂರದಲ್ಲಿ, ಬಿಸಿಲಲ್ಲೇ ಸಾಲಾಗಿ ಕೂತರು. ಮನೆಯ ಪಡಸಾಲೆಯಲ್ಲಿ ದೊಡ್ಡದೊಂದು ಮಣ್ಣಿನ ಹರವಿ ಇತ್ತು. ಅದರ ತುಂಬ ನೀರಿತ್ತು. ಮುಚ್ಚಳದ ಮೇಲೆ ಸ್ಟೀಲಿನ ಗ್ಲಾಸು ಡಬ್ಬು ಹಾಕಿತ್ತು. ಯಾರೂ ಅದರ ಕಡೆ ಹೋಗಲಿಲ್ಲ. ಎಲ್ಲರೂ ಎರಡು ಕೈ ಜೋಡಿಸಿ ಬೊಗಸೆ ಮಾಡಿ ಬಾಯಿಗೆ ಹಚ್ಚಿಕೊಂಡು ಕಾದರು. ಊರಿನಲ್ಲಿ ಕೇರಿಯವರಿಗೆ ನೀರು ಕುಡಿಯುವ ರೀತಿಯೇ ಇದು. ಕೇಳಬಾರದು, ಮುಟ್ಟಬಾರದು, ದೂರ ಕೂರಬೇಕು. ಮನೆಯವರಿಗೆ ಮನಸ್ಸಾದಾಗ ಬಂದು ಮೇಲಿನಿಂದ ಸುರಿಯುತ್ತಾರೆ. ಅರ್ಧ ಬಾಯಿಗೆ ಹೋಗುತ್ತದೆ, ಅರ್ಧ ಕುಪ್ಪಸಕ್ಕೆ.

ವೆಂಕಟರತ್ನಂನ ಹೆಂಡತಿ ಅನಸೂಯಮ್ಮ ಹೊರಗೆ ಬಂದಳು. ಬಿಸಿಲಲ್ಲಿ ಕೈ ಜೋಡಿಸಿ ಕೂತ ಸಾಲನ್ನು ಕಂಡು ಇವರು ಯಾವುದೋ ವ್ರತ ಮಾಡುತ್ತಿದ್ದಾರೆ ಅಂದುಕೊಂಡಳು. ಕ್ಯಾಂಪಿನ ಟ್ರ್ಯಾಕ್ಟರ್ ಓಡಿಸುವ ನಬಿಸಾಬ ಅಲ್ಲೇ ಇದ್ದ. ಊರವನೇ. ಹೈದರಾಬಾದಿನಲ್ಲಿ ಲಾರಿ ಓಡಿಸಿ ತೆಲುಗು ಕಲಿತಿದ್ದ. ಕ್ಯಾಂಪು ಬೈದದ್ದನ್ನು ಊರಿಗೆ, ಊರು ಬೈದದ್ದನ್ನು ಕ್ಯಾಂಪಿಗೆ ಒಂದಿಷ್ಟು ಸಕ್ಕರೆ ಹಾಕಿ ದಾಟಿಸುವುದು ಅವನ ಇನ್ನೊಂದು ಕೆಲಸ. ಇವರಿಗೆ ನೀರು ಬೇಕಂತೆ ಎಂದು ಅವನು ಹೇಳಿದ್ದೇ ತಡ, ಅನಸೂಯಮ್ಮ ತೆಲುಗಿನಲ್ಲಿ ಸಿಡಿದಳು. ಕಣ್ಣಿಲ್ಲವಾ? ಹರವಿ ಅಲ್ಲೇ ಇದೆಯಲ್ಲ? ನೀರು ಕುಡಿಯುವುದಕ್ಕೂ ಸೋಮಾರಿತನವಾ? ನಾನು ಬಂದು ಬಾಯಿಗೆ ಹೊಯ್ಯಬೇಕಾ? ನಾನೇನು ಇವರ ಆಳಾ?

ನಬಿಸಾಬನಿಗೆ ವಿಷಯ ಗೊತ್ತಿತ್ತು. ಅವನು ಒಂದು ಮಾತು ಹೇಳಿದ್ದರೆ ಅನಸೂಯಮ್ಮನಿಗೂ ಗೊತ್ತಾಗುತ್ತಿತ್ತು. ಅವನು ಹೇಳಲಿಲ್ಲ.

"ಬಾಲಮ್ಮಕ್ಕ, ನೀವ ತಗೊಂಡು ಕುಡೀರಿ ಅಂತಾಳ."

"ನಾವಾ?"

"ನೀವ."

"ಹರವಿ ಮುಟ್ಟಾ?"

"ಮುಟ್ಟಲಾರದ ಹ್ಯಾಂಗ ಕುಡಿತಿ?"

ಬಾಲಮ್ಮ ಎದ್ದಳು. ಕೆಸರು ಕಾಲಲ್ಲೇ ಪಡಸಾಲೆ ಹತ್ತಿದಳು. ಗ್ಲಾಸು ಹರವಿಯ ಕಂಠಕ್ಕೆ ಬಡಿದು ಸದ್ದಾಯಿತು. ಹಿಂದೆ ಕೂತವರು ಬಾಗಿಲ ಕಡೆ ನೋಡಿದರು. ಅವಳು ಗ್ಲಾಸು ಮುಳುಗಿಸಿ ಎತ್ತಿ ಕುಡಿದಳು. ಏನೂ ಆಗಲಿಲ್ಲ. ಅನಸೂಯಮ್ಮ ಆಗಲೇ ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಬಾಲಮ್ಮ ಇನ್ನೊಂದು ಗ್ಲಾಸು ಕುಡಿದಳು. ಅಷ್ಟು ಬಾಯಾರಿಕೆ ಇರಲಿಲ್ಲ, ಆದರೂ ಕುಡಿದಳು. ಬಂದು ಕೂತ ಮೇಲೆ ಅವಳಿಗೆ ಅಳು ಬಂತು, ಯಾಕೆಂದು ಹೇಳಲು ಬರಲಿಲ್ಲ.

ಅನಸೂಯಮ್ಮ ಸಮಾಜ ತಿದ್ದಲು ಬಂದವಳು ಎಂದು ಯಾರೂ ತಿಳಿಯಬೇಡಿ. ಅವಳ ಊರಿನಲ್ಲೂ ಕೇರಿ ಇತ್ತು. ಅಲ್ಲಿ ಯಾರು ಯಾರೆಂದು ಅವಳಿಗೆ ಓಣಿಯ ಮೇಲೆ, ಹೆಸರಿನ ಮೇಲೆ, ಮಾತಿನ ಮೇಲೆ ಗೊತ್ತಾಗುತ್ತಿತ್ತು. ಇಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಎಲ್ಲರೂ ಕಪ್ಪು, ಎಲ್ಲರೂ ಒರಟು, ಎಲ್ಲರೂ ಸೋಮಾರಿ. ಅವಳ ಕಣ್ಣಿಗೆ ಇಲ್ಲಿಯವರೆಲ್ಲ ಒಂದೇ. ಗೌಡರಿಗೆ ಇದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. ಬಾಲಮ್ಮನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಅಲ್ಲಿಯವರೆಗೆ ಯಾರಿಂದಲೂ ಸಿಕ್ಕಿರಲಿಲ್ಲ.

ಹಾಗೆ ನಾಲ್ಕು ವರ್ಷ ನಡೆಯಿತು. ಅನಸೂಯಮ್ಮ ದಿನಾ ಬೈಯುತ್ತಿದ್ದಳು, ಇವರು ದಿನಾ ಹರವಿಯಿಂದ ಎತ್ತಿ ಕುಡಿಯುತ್ತಿದ್ದರು. "ಬೈದ್ರ ಬೈಲಿ ಬಿಡಕ್ಕಾ, ನಮಗೇನು ತಿಳಿತೈತಾ," ಅನ್ನುತ್ತಿದ್ದಳು ಮಲಕಮ್ಮ, ಉಪ್ಪಿನಕಾಯಿಯ ಭರಣಿಗೂ ಕೈ ಹಾಕುತ್ತ. ಬಾಲಮ್ಮನಿಗೆ ಮಾತ್ರ ದಿನಾ ಕೇಳಿ ಕೇಳಿ ಆ ಬೈಗುಳದ ಅರ್ಥ ತಿಳಿದುಹೋಗಿತ್ತು. ನಾಟಿ ಇಲ್ಲದ ದಿನಗಳಲ್ಲಿ ಗೌಡರ ಕಣಕ್ಕೆ ದುಡಿಯಲು ಹೋದರೆ ಮತ್ತೆ ಅದೇ ದೂರ, ಅದೇ ಬೊಗಸೆ. ಬಾಲಮ್ಮನ ಕೈ ಅಲ್ಲಿ ಈಗ ಸ್ವಲ್ಪ ತಡವಾಗಿ ಮೇಲೇಳುತ್ತಿತ್ತು. "ಕ್ಯಾಂಪಿನ ನೀರು ಕುಡದು ಸೊಕ್ಕು ಬಂದೈತಿ," ಎಂದು ಗೌಡರ ಹೆಂಡತಿ ಅರ್ಧಕ್ಕೇ ನೀರು ನಿಲ್ಲಿಸಿ ಒಳಗೆ ಹೋಗುತ್ತಿದ್ದಳು.

ನಾಲ್ಕನೇ ವರ್ಷ ಮುಂಗಾರಿನ ಭತ್ತ ಬಂದ ಮೇಲೆ ವೆಂಕಟರತ್ನಂ ಒಂದು ಊಟ ಇಟ್ಟ. ಅವನ ಗದ್ದೆಗೆ ನೀರು ಬರುವ ದಾರಿ ಗೌಡರ ಹೊಲದೊಳಗಿಂದ. ಆ ಹೊಲವನ್ನು ಲಾವಣಿಗೆ ಹಿಡಿಯುವ ಆಸೆಯೂ ಅವನಿಗಿತ್ತು. ಹಾಗಾಗಿ ಗೌಡರನ್ನು ಕರೆದ. ದುಡಿದವರು ಅಂತ ಕೇರಿಯ ಹೆಂಗಸರನ್ನೂ ಕರೆದ. ಊಟದ ವ್ಯವಸ್ಥೆ ಅನಸೂಯಮ್ಮನದು. ಅವಳು ತನ್ನ ಲೆಕ್ಕಕ್ಕೆ ಚೊಕ್ಕವಾಗಿಯೇ ಮಾಡಿದ್ದಳು. ತಮ್ಮ ಕಡೆಯ ನೆಂಟರಿಗೆ ಒಳಗೆ, ಮೇಜು ಕುರ್ಚಿ. ಇಲ್ಲಿಯವರಿಗೆ ಹೊರಗೆ, ಚಪ್ಪರದ ಕೆಳಗೆ, ಚಾಪೆಯ ಮೇಲೆ ಒಂದೇ ಸಾಲು.

ಗೌಡರು ಬಿಳಿ ಧೋತರ ಉಟ್ಟು ರುಮಾಲು ಸುತ್ತಿ ಬಂದರು. ವೆಂಕಟರತ್ನಂ ಒಳಗೆ ನೆಂಟರ ನಡುವೆ ಇದ್ದ. ಊಟಕ್ಕೆಂದು ಆಂಧ್ರದಿಂದ ಬಂದಿದ್ದ ಅನಸೂಯಮ್ಮನ ತಮ್ಮ ಗೌಡರ ಮುಖ ನೋಡಿದ, ಇಲ್ಲಿಯವರದೇ ಮುಖ. ಕೈ ಹಿಡಿದು ಕರೆದೊಯ್ದು ಸಾಲಿನಲ್ಲಿ ಖಾಲಿ ಇದ್ದ ಜಾಗದಲ್ಲಿ ಕೂರಿಸಿ ಎಲೆ ಹಾಕಿದ. ಗೌಡರು ಅಂಗಳದಲ್ಲಿ ನಿಂತಿದ್ದ ಹೊಸ ಟ್ರ್ಯಾಕ್ಟರ್ ನೋಡುತ್ತ ಕೂತುಬಿಟ್ಟರು. ಅನ್ನ ಬಿತ್ತು, ಸಾರು ಬಿತ್ತು. ಅನ್ನ ತಿನ್ನುವುದರ ಬಗ್ಗೆ ಅವತ್ತು ಅವರ ತಕರಾರು ಇರಲಿಲ್ಲ. ಒಂದು ತುತ್ತು ಬಾಯಿಗಿಟ್ಟು ಪಕ್ಕಕ್ಕೆ ತಿರುಗಿದರು. ಪಕ್ಕದಲ್ಲಿ ಬಾಲಮ್ಮ ಉಣ್ಣುತ್ತಿದ್ದಳು.

"ಏ ಬಾಲಿ. ಏಳ ಮ್ಯಾಲ."

ಬಾಲಮ್ಮನ ಕಾಲು ತಾನಾಗಿ ಏಳಲು ನೋಡಿತು. ಬಾಯಲ್ಲಿ ತುತ್ತಿತ್ತು. ಏಳುವುದೋ ನುಂಗುವುದೋ ತಿಳಿಯದೆ ಮೊದಲು ನುಂಗಿದಳು. ನುಂಗಿದ ಮೇಲೆ ಏಳುವ ಮನಸ್ಸಾಗಲಿಲ್ಲ.

"ಉಣ್ಣಾಕತ್ತೀನ್ರಿ ಯಪ್ಪಾ," ಅಂದಳು.

ಗೌಡರು ಧೋತರ ಜಾಡಿಸಿ ಎದ್ದು, ಬಾಯಲ್ಲಿದ್ದುದನ್ನು ಚಪ್ಪರದ ಕಂಬಕ್ಕೆ ಉಗುಳಿ ಹೊರಟುಹೋದರು. ಊಟಕ್ಕೆ ಕರೆದರೂ ಜಗಳ ತೆಗೆಯುವ ಜನ ಎಂದು ಅನಸೂಯಮ್ಮ ನೆಂಟರಿಗೆ ವಿವರಿಸಿದಳು. ಬಾಲಮ್ಮ ಎಲೆ ಖಾಲಿ ಮಾಡಿಯೇ ಎದ್ದಳು. ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ, ಹೊಟ್ಟೆ ತುಂಬಿದ್ದರೂ.

ಮಾರನೆಯ ದಿನ ಗೌಡರ ಅಂಗಳದಲ್ಲಿ ಬಾಲಮ್ಮ, ಮಲಕಮ್ಮ ತೊಗರಿ ಹಸನು ಮಾಡುತ್ತಿದ್ದರು. ಬೈಗುಳಕ್ಕೆ ತಯಾರಾಗಿಯೇ ಬಂದಿದ್ದರು. ಬೈಗುಳದ ಬದಲು ವೆಂಕಟರತ್ನಂ ಬಂದ, ಒಂದು ಬುಟ್ಟಿ ಹಣ್ಣು, ಒಂದು ಶಾಲು, ಜೊತೆಗೆ ನಬಿಸಾಬನನ್ನು ಕರೆದುಕೊಂಡು. ಕಟ್ಟೆಯ ಮೇಲೆ ಮಾತು ನಡೆಯಿತು. ಕಟ್ಟೆಯ ಕೆಳಗೆ ಕೂತ ಇಬ್ಬರು ಹೆಂಗಸರು ತೊಗರಿಯ ರಾಶಿಯ ಲೆಕ್ಕ. ಅವರಿಗೆ ಕಿವಿ ಇದೆ ಎಂದು ಯಾರಿಗೂ ಅನಿಸಲಿಲ್ಲ.

"ನಮ್ಮ ಬಾಜೂಕ ಹೊಲೇರ ಹೆಂಗಸನ್ನ ಕುಂದ್ರಸ್ತೀರಿ?" ಗೌಡರು ಕಟ್ಟೆ ಗುದ್ದಿದರು. "ನಮ್ಮ ಇಜ್ಜತ್ತು ತೆಗದ್ರಿ."

ನಬಿಸಾಬ ತೆಲುಗಿಗೆ ದಾಟಿಸಿದ. ವೆಂಕಟರತ್ನಂ ಕೂತಲ್ಲೇ ಅರ್ಧ ಎದ್ದ. ಅವರು ಅವರಾ? ನಮಗೆ ಯಾರೂ ಹೇಳಲಿಲ್ಲವಲ್ಲ? ನಮ್ಮನ್ನು ನೀವು ಏನೆಂದು ತಿಳಿದಿರಿ? ನಮ್ಮಲ್ಲಿ ಅವರು ಮೆಟ್ಟಿಲು ಹತ್ತುವುದಿಲ್ಲ.

"ಏನಂತಾರ?" ಗೌಡರು ಕೇಳಿದರು.

"ಅವರ ಕಡಿನೂ ಹಿಂಗ ಐತಂತ್ರಿ," ಅಂದ ನಬಿಸಾಬ, ನೆಲ ನೋಡುತ್ತ.

ಗೌಡರ ಮುಖ ಅರಳಿತು. "ಐತಾ? ನಿಮ್ಮಲ್ಲೂ ಐತಾ? ಛೇ ಛೇ, ನಾವು ಸುಮ್ನ ನಿಮ್ಮನ್ನ ಪರದೇಶಿ ಅಂದಿವಿ ನೋಡ್ರಿ." ಒಳಗೆ ಚಹಾಕ್ಕೆ ಹೇಳಿದರು.

ನಾಲ್ಕು ವರ್ಷ ಒಂದೇ ಕಾಲುವೆಯ ನೀರು ಕುಡಿದರೂ ಒಂದಾಗದ ಎರಡು ಸೀಮೆಗಳು ಒಂದು ಕಪ್ಪು ಚಹಾ ಆರುವುದರೊಳಗೆ ಒಂದಾದವು. ಭಾಷೆ ಅಡ್ಡ ಬರಲಿಲ್ಲ, ಅನ್ನ ಅಡ್ಡ ಬರಲಿಲ್ಲ. ಗೌಡರು ಮನಸ್ಸು ಬಿಚ್ಚಿ ಹೊಸ ಬಂಧುವಿಗೆ ಇಲ್ಲಿಯ ಪದ್ಧತಿ ಹೇಳಿಕೊಟ್ಟರು. ಯಾವ ಓಣಿ ಯಾರದು, ಯಾರನ್ನು ಎಲ್ಲಿಯವರೆಗೆ ಬಿಡಬೇಕು, ನೀರು ಎಷ್ಟು ಮೇಲಿನಿಂದ ಹಾಕಬೇಕು. ಎಷ್ಟು ಮೇಲಿನಿಂದ ಎಂಬುದನ್ನು ಕೈಯಲ್ಲಿ ತಂಬಿಗೆ ಹಿಡಿದೇ ತೋರಿಸಿದರು. ವೆಂಕಟರತ್ನಂ ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದ. ಹೊಲದ ಲಾವಣಿಯ ಮಾತೂ ಅಲ್ಲೇ ಮುಗಿಯಿತು.

ಸಂಜೆ ಕೇರಿಯ ದಾರಿಯಲ್ಲಿ ನಬಿಸಾಬ ಟ್ರ್ಯಾಕ್ಟರ್ ನಿಲ್ಲಿಸಿದ. "ನನ್ನ ಬಾಯಿಲೆ ಹೇಳ್ಸಿದ್ರಕ್ಕಾ. ನಾ ಏನ್ ಮಾಡ್ಲಿ."

ಬಾಲಮ್ಮ ಅವನ ಮುಖ ನೋಡಿದಳು. "ನಾಕು ವರ್ಷ ಹೇಳಿರಲಿಲ್ಲಲ್ಲ ನೀ. ಅಷ್ಟ ಸಾಕು," ಅಂದಳು.

ಬೇಸಿಗೆ ಬೆಳೆಯ ನಾಟಿ ಶುರುವಾಯಿತು. ಸೂರ್ಯ ಹುಟ್ಟುವ ಮೊದಲೇ ಕೆಸರಿಗೆ ಇಳಿದವರು ಮಧ್ಯಾಹ್ನ ಮೇಲೆ ಬಂದಾಗ ಪಡಸಾಲೆಯಲ್ಲಿ ಹರವಿ ಇರಲಿಲ್ಲ. ಹರವಿ ಇದ್ದ ಕಡೆ ಒಂದು ಒದ್ದೆ ಉಂಗುರ ಇತ್ತು. ಬಾಗಿಲಲ್ಲಿ ಅನಸೂಯಮ್ಮ ಕೈಯಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. ಬೈಯಲಿಲ್ಲ. ನಕ್ಕಳು. ಅವಳು ಇವರ ಕಡೆ ನೋಡಿ ನಕ್ಕದ್ದು ಅದೇ ಮೊದಲು.

"ಬಾಲಮ್ಮಾ, ಕುಂದರು. ನಾನು ಹಾಕ್ತೀನಿ," ಅಂದಳು, ಕನ್ನಡದಲ್ಲಿ. ಗೌಡರ ಹೆಂಡತಿ ಕಲಿಸಿದ ಕನ್ನಡ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಅವಳ ಬಾಯಲ್ಲಿ ಬರದ ಬಾಲಮ್ಮನ ಹೆಸರು ಅವತ್ತು ಬಂತು. ಮರ್ಯಾದೆ ಬಂತು, ನಗು ಬಂತು, ಕನ್ನಡ ಬಂತು. ಹರವಿ ಮಾತ್ರ ಒಳಗೆ ಹೋಗಿತ್ತು.

ಹಿಂದೆ ಹೆಂಗಸರು ಕೂರತೊಡಗಿದರು. ಬೇಕೆಂದು ಕೂತದ್ದಲ್ಲ, ಮೊಣಕಾಲು ತಾನೇ ಮಡಚಿತು. ಮಲಕಮ್ಮನ ಎರಡು ಕೈ ಕೂಡಿ ಬಾಯಿಯ ಹತ್ತಿರ ಬಂದಿದ್ದವು. ಬಾಲಮ್ಮ ಅದನ್ನು ನೋಡಿದಳು. ಮೊದಲ ಗ್ಲಾಸಿನ ನೀರು ಕುಡಿದಾಗ ಯಾಕೆ ಅಳು ಬಂದಿತ್ತು ಎಂಬುದು ಅವಳಿಗೆ ಈಗ ತಿಳಿಯಿತು. ಅಲ್ಲಿಯವರೆಗಿನ ಇಡೀ ಜನ್ಮ ಬಾಯಿ ತೆರೆದು ಬೇರೆಯವರ ಕೈ ನೋಡುತ್ತ ಕೂತಿದ್ದಳು, ಅದಕ್ಕೆ.

"ಹರವಿ ಎಲ್ಲಿ ಹೋತ್ರಿ ಅಮ್ಮಾರ?"

"ಒಳಗೆ. ನೀನು ದಣಿದಿ. ನಾನು ಹಾಕ್ತೀನಿ."

"ಬ್ಯಾಡ್ರಿ. ಮೊದಲಿನಂಗ ಬೈರಿ. ಸೋಮಾರಿ ಅನ್ರಿ. ನಾನೇನು ನಿನ್ನ ಆಳಾ ಅನ್ರಿ. ನಾ ತಗೊಂಡು ಕುಡಿತೀನಿ."

ಅನಸೂಯಮ್ಮನಿಗೆ ಅಷ್ಟು ಕನ್ನಡ ಬರುತ್ತಿರಲಿಲ್ಲ. ನಬಿಸಾಬನ ಕಡೆ ನೋಡಿದಳು. ಅವನು ಈ ಸಲ ಸಕ್ಕರೆ ಹಾಕಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವಳ ನಗು ಹೋಯಿತು. ಗೌಡರ ಮನೆಯಲ್ಲಿ ಬೊಗಸೆ ಹಿಡಿದೇ ಕುಡಿಯುತ್ತಾಳಂತೆ, ಅಲ್ಲಿ ನಡೆಯುವುದು ಇಲ್ಲೇಕೆ ನಡೆಯುವುದಿಲ್ಲ ಎಂದು ಕೇಳು, ಅಂದಳು. ನಬಿಸಾಬ ಕೇಳಿದ.

ಆ ಮಾತು ಬಾಲಮ್ಮನಿಗೆ ನಾಟಿತು. ಸುಳ್ಳು ಮಾತಾಗಿದ್ದರೆ ಜಗಳ ಆಡಬಹುದಿತ್ತು.

"ಹೌದ್ರಿ, ಕುಡಿತಿದ್ದೆ. ಅಲ್ಲೀನೂ ಬಿಟ್ಟೆ ಇವತ್ತಿಂದ," ಅಂದಳು. ಹಿಂದಕ್ಕೆ ತಿರುಗಿದಳು. "ಏ ಮಲಕಿ, ಕೈ ಇಳಸು. ನಡೀರಿ."

ಹೆಂಗಸರು ಕೆಸರು ಕಾಲಲ್ಲೇ ಊರಿನ ದಾರಿ ಹಿಡಿದರು. ಕಿತ್ತ ಸಸಿಯ ಕಟ್ಟುಗಳು ಗದ್ದೆಯಲ್ಲಿ ಅಲ್ಲಲ್ಲೇ ಉಳಿದವು.

ಮರುದಿನ ವೆಂಕಟರತ್ನಂ ನಬಿಸಾಬನ ಕೈಯಲ್ಲಿ ಕೇರಿಗೆ ಹೇಳಿ ಕಳಿಸಿದ. ನಿಮಗೇ ಅಂತ ಬೇರೆ ಹರವಿ ತರಿಸುತ್ತೇನೆ. ಹೊಸದು, ದೊಡ್ಡದು. ಅದರಲ್ಲಿ ನಿಮ್ಮ ಕೈಯಿಂದಲೇ ಎತ್ತಿಕೊಳ್ಳಿ. ಮಲಕಮ್ಮನಿಗೆ ಅದು ಅಡ್ಡಿಯಿಲ್ಲ ಅನಿಸಿತು.

"ಹೊಸಾದಂತಕ್ಕಾ. ನಮ್ಮ ಕೈಲೆ ನಾವ ಕುಡಿಯೂದು. ಇನ್ನೇನು ಬೇಕು?"

"ಬ್ಯಾರೆ ಹರವಿ ನಮ್ಮ ಮನ್ಯಾಗ ಐತಲ್ಲ. ಅದನ್ನ ನೋಡಾಕ ಅಲ್ಲಿತನ ಹೋಗಬೇಕೇನು?" ಅಂದಳು ಬಾಲಮ್ಮ.

ಗೌಡರು ಸುಮ್ಮನೆ ಕೂರಲಿಲ್ಲ. ಕೇರಿಯವರಿಗೆ ಯಾರೂ ಕೆಲಸ ಕೊಡಬಾರದು ಎಂದು ಊರಿಗೆ ಹೇಳಿದರು. ಕ್ಯಾಂಪಿನವರು ನಮ್ಮ ಮಂದಿ, ನಮ್ಮನ್ನು ನಂಬಿ ಅಷ್ಟು ದೂರದಿಂದ ಬಂದಿದ್ದಾರೆ ಎಂದು ಅದೇ ಕಟ್ಟೆಯ ಮೇಲೆ ಕೂತು ಹೇಳಿದರು. ಕೇರಿಯಲ್ಲಿ ಒಲೆ ಒಂದು ಹೊತ್ತಿಗೆ ಇಳಿಯಿತು. ಒಂದಿಬ್ಬರು ಹೆಂಗಸರು ಬಾಲಮ್ಮನ ಬಾಗಿಲಿಗೆ ಬಂದು, ನೀರೇ ತಾನೇ, ಮೇಲಿಂದ ಬಿದ್ದರೂ ಹೊಟ್ಟೆಗೇ ಹೋಗುತ್ತದೆ ಎಂದು ಗೊಣಗಿ ಹೋದರು. ಬಾಲಮ್ಮನಿಗೂ ಹಸಿವಾಗಿತ್ತು.

ಅಷ್ಟರಲ್ಲಿ ಸುದ್ದಿ ಬಂತು. ಕ್ಯಾಂಪಿಗೆ ಗುರುಮಠಕಲ್ ಕಡೆಯಿಂದ ಒಂದು ಟ್ರ್ಯಾಕ್ಸ್ ಗಾಡಿ ತುಂಬ ಹೆಂಗಸರು ನಾಟಿಗೆ ಬಂದಿದ್ದಾರೆ. ಕೇರಿ ಭುಗಿಲೆದ್ದಿತು. ಎಲ್ಲರಿಗಿಂತ ಮೊದಲು ಮಲಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಆ ಕಡಿ ಮಂದಿನ ಹಂಗ. ಅರ್ಧ ತೆಲುಗು, ಅರ್ಧ ಕನ್ನಡ, ಪೂರಾ ಸುಳ್ಳು. ಒಂದು ತುತ್ತಿಗಿ ಎಲ್ಲಿಗಿ ಬೇಕಾದ್ರೂ ಬಂದು ಬೀಳ್ತಾರ. ನೀತಿಲ್ಲ, ರೀತಿಲ್ಲ. ನಡೀರಿ, ಕೂದಲ ಹಿಡದು ಹೊರಗ ಹಾಕ್ಕೊಂಡು ಬರೂಣು."

ಬಾಲಮ್ಮ ಅವಳನ್ನೇ ನೋಡಿದಳು. ಮಾತು ಥೇಟ್ ಗೌಡರದು, ಬಾಯಿ ಮಾತ್ರ ಮಲಕಮ್ಮನದು. ಆದರೆ ಬಾಲಮ್ಮನ ಎದೆಯಲ್ಲೂ ಅದೇ ಉರಿಯುತ್ತಿತ್ತು. ಎಲ್ಲರೂ ಗುಂಪಾಗಿ ಕ್ಯಾಂಪಿನ ಕಡೆ ನಡೆದರು. ಒಂದಿಬ್ಬರ ಕೈಯಲ್ಲಿ ತೊಗರಿಕಟ್ಟಿಗೆ ಇತ್ತು.

ತಲುಪುವಾಗ ಮಧ್ಯಾಹ್ನ. ತಗಡಿನ ಮನೆಯ ಮುಂದೆ, ನೆರಳು ಬಿಟ್ಟು ದೂರದಲ್ಲಿ, ಗುರುಮಠಕಲ್ ಕಡೆಯ ಹೆಂಗಸರು ಸಾಲಾಗಿ ಕೂತಿದ್ದರು. ಮೊಣಕಾಲಿನವರೆಗೆ ಕೆಸರು. ಬೆರಳ ಸಂದಿ ಬೆಳ್ಳಗೆ ಬಿರಿದಿತ್ತು. ಎಲ್ಲರ ಎರಡು ಕೈಯೂ ಕೂಡಿ ಬಾಯಿಗೆ ಹತ್ತಿದ್ದವು. ಅನಸೂಯಮ್ಮ ಇನ್ನೂ ಒಳಗಿದ್ದಳು. ಅವಳಿಗೆ ಮನಸ್ಸಾಗುವ ತನಕ ಅವರು ಕಾಯುತ್ತಿದ್ದರು.

ಮಲಕಮ್ಮ ಸೊಂಟಕ್ಕೆ ಸಿಕ್ಕಿಸಿದ ಸೆರಗು ಬಿಟ್ಟಳು. ಕೈಯಲ್ಲಿ ಕಟ್ಟಿಗೆ ಹಿಡಿದವಳು ಅದನ್ನು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

ಬಾಲಮ್ಮ ನೇರ ಪಡಸಾಲೆ ಹತ್ತಿದಳು, ಹೊಸ್ತಿಲು ದಾಟಿದಳು. ಅನಸೂಯಮ್ಮ ಎರಡೂ ಕೈ ಚಾಚಿ ಅಡ್ಡ ಬಂದಳು. ಬಾಲಮ್ಮ ಹತ್ತಿರ ಬರುತ್ತಲೇ ಮೈಗೆ ಮೈ ತಾಗುತ್ತದೆಂದು ತಾನೇ ಗೋಡೆಗೆ ಸರಿದಳು. ಪದ್ಧತಿ ಕಲಿತದ್ದರ ಮೊದಲ ಲಾಭ ಹೀಗೆ ಬಾಲಮ್ಮನಿಗೇ ಆಯಿತು. ಅವಳು ಹರವಿಯನ್ನು ತೆಕ್ಕೆಯಲ್ಲಿ ಎತ್ತಿ ಸೊಂಟಕ್ಕೆ ಇಟ್ಟಳು. ತುಂಬಿದ ಹರವಿ ಸೊಂಟ ಮುರಿಯುವಷ್ಟು ಭಾರ. ನೀರು ತುಳುಕಿ ಸೀರೆ ನೆನೆಯಿತು. ಹಾಗೆಯೇ ಹೊರಗೆ ತಂದು, ತಗಡಿನ ನೆರಳಿನಲ್ಲಿ ಇಳಿಸಿದಳು. ಗ್ಲಾಸು ಮುಳುಗಿಸಿ ಎತ್ತಿ, ಸಾಲಿನ ಮೊದಲಿಗೆ ಕೂತ ಮುದುಕಿಯ ಮುಂದೆ ಹಿಡಿದಳು.

"ಕೈ ಇಳಸವ್ವ. ಗ್ಲಾಸು ಹಿಡಿ. ನೆರಳಿಗಿ ಬಾ."

ಮುದುಕಿ ಹೆದರಿದಳು. "ನಮ್ಮೂರಾಗ ಹಿಂಗ ಐತವ್ವ."

"ನಮ್ಮೂರಾಗೂ ಹಿಂಗ ಐತಿ."

ಮುದುಕಿ ಬಾಲಮ್ಮನ ಮುಖ ನೋಡಿದಳು, ಬಾಗಿಲಲ್ಲಿ ನಿಂತ ಅನಸೂಯಮ್ಮನನ್ನು ನೋಡಿದಳು. ಗ್ಲಾಸು ತೆಗೆದುಕೊಂಡು ಪಕ್ಕದವಳ ಕೈಗೆ ಕೊಟ್ಟಳು. ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದು, ನಿಧಾನ ನಡೆದು ಬಂದು, ಖಾಲಿಯಾದ ಗ್ಲಾಸು ಇಸಕೊಂಡು ಹರವಿಯೊಳಗೆ ತಾನೇ ಕೈ ಇಳಿಬಿಟ್ಟಳು.

ಗದ್ದೆಯಿಂದ ವೆಂಕಟರತ್ನಂ ಓಡಿ ಬಂದ. ಬಂದು ನೋಡಿದರೆ ಎರಡು ಗುಂಪೂ ಕಲೆತುಹೋಗಿತ್ತು. ಯಾರು ಇಲ್ಲಿಯವರು, ಯಾರು ಅಲ್ಲಿಯವರು ಅವನಿಗೆ ತಿಳಿಯಲಿಲ್ಲ. ಪಾಪ, ಅವನಿಗೆ ಮೊದಲಿನಿಂದಲೂ ಆ ತೊಂದರೆ ಇತ್ತು. ಕಾಲುವೆಯ ಪಾಳಿ ಸಂಜೆಗೆ ಮುಗಿಯುವುದಿತ್ತು. ತೂಬು ಮುಚ್ಚಿದರೆ ಹದ ಮಾಡಿದ ಕೆಸರು ಗಟ್ಟಿಯಾಗುತ್ತದೆ, ಕಿತ್ತಿಟ್ಟ ಸಸಿಯ ತುದಿ ಆಗಲೇ ಹಳದಿ ತಿರುಗಿತ್ತು. ನಾಟಿ ಯಾರು ಮಾಡುತ್ತಾರೆ ಕೇಳು ಎಂದು ನಬಿಸಾಬನಿಗೆ ಹೇಳಿದ. ದನಿ ಸಣ್ಣಗಿತ್ತು.

"ಎಲ್ಲಾರೂ ಹಚ್ತೀವಿ ಅನ್ನು," ಅಂದಳು ಬಾಲಮ್ಮ. "ನೀರು ಕುಡದು."

ಅವರು ಕುಡಿದರು. ಒಂದೇ ಗ್ಲಾಸು. ಒಬ್ಬರಾದ ಮೇಲೆ ಒಬ್ಬರು ಬಂದು, ಮುಳುಗಿಸಿ, ಎತ್ತಿ, ಕುಡಿದು, ಮುಂದಿನವರಿಗೆ ದಾಟಿಸಿದರು. ಮಲಕಮ್ಮ ಗುರುಮಠಕಲ್ಲಿನ ಹುಡುಗಿಯೊಬ್ಬಳಿಗೆ, ಕುಡಿ ತಂಗಿ, ಇನ್ನೊಂದು ಕುಡಿ, ಅನ್ನುತ್ತಿದ್ದಳು. ಯಾರಿಗೂ ಅವಸರ ಇರಲಿಲ್ಲ. ಅವಸರ ಇದ್ದುದು ಸೂರ್ಯನಿಗೆ, ವೆಂಕಟರತ್ನಂನಿಗೆ. ಗ್ಲಾಸು ಹರವಿಯ ತಳಕ್ಕೆ ತಾಗಿ ಸದ್ದು ಮಾಡಿತು. ಇನ್ನೂ ಕುಡಿಯದವರು ಇದ್ದರು.

"ನೀರು ತೀರ್ಯಾವ್ರಿ ಅಮ್ಮಾರ," ಅಂದಳು ಬಾಲಮ್ಮ. ಖಾಲಿ ಗ್ಲಾಸು ಹಿಡಿದು ನಿಂತಳು.

ವೆಂಕಟರತ್ನಂ ಸೂರ್ಯನನ್ನು ನೋಡಿದ. ತೂಬಿನ ಕಡೆ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ ತೆಲುಗಿನಲ್ಲಿ ಒಂದೇ ಮಾತು ಹೇಳಿದ. ಅದನ್ನು ನಬಿಸಾಬ ಯಾರಿಗೂ ದಾಟಿಸಬೇಕಾಗಲಿಲ್ಲ.

ಅನಸೂಯಮ್ಮ ಕೊಡ ಎತ್ತಿಕೊಂಡು ಬೋರಿಗೆ ಹೋದಳು. ಕಲಿತ ಕನ್ನಡವನ್ನೆಲ್ಲ ಮರೆತು ತೆಲುಗಿನಲ್ಲಿ ಬೈದುಕೊಳ್ಳುತ್ತ ಹೋದಳು, ಬೈದುಕೊಳ್ಳುತ್ತ ಬಂದಳು. ಹರವಿಗೆ ತಾಗದ ಹಾಗೆ ಮೇಲಿನಿಂದಲೇ ಸುರಿದಳು, ಮತ್ತೆ ಬೋರಿಗೆ ಹೋದಳು. ಕೊಡ ಸಣ್ಣದು, ಹರವಿ ದೊಡ್ಡದು. ಅದು ತುಂಬುವ ತನಕ ಆ ಸೋಮಾರಿ ಜನ ನೆರಳಿನಲ್ಲಿ ಕಾಲು ಚಾಚಿ ಕೂತೇ ಇದ್ದರು.